ಯಾರ ದಾಖಲೆ?

ವಯನಾಡಿಗೆ ಹೋಗೋಣ ಅಂತ ತೀರ್ಮಾನವಾದದ್ದು ಹಾಸ್ಟೆಲ್ ಮೆಸ್ಸಿನಲ್ಲಿ, ಊಟದ ತಟ್ಟೆ ಮುಂದಿಟ್ಟುಕೊಂಡು. 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲ ಊರುಗಳು ಮಣ್ಣು-ಬಂಡೆಗಳ ಪಾಲಾದವು. 250ಕ್ಕೂ ಹೆಚ್ಚು ಜನ ಸತ್ತರು. ಚಾಮರಾಜನಗರ, ಮಂಡ್ಯದ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದ್ದ ನಮ್ಮವರೂ ಅದರಲ್ಲಿದ್ದರು. ಮದರಾಸಿನಲ್ಲಿ ಕೂತು ಎರಡು ದಿನ ಅದೇ ಸುದ್ದಿ ನೋಡಿ ನೋಡಿ ತಡೆಯಲಾಗಲಿಲ್ಲ. ನಾವು ನಾಲ್ಕು ಜನ. ಕೈಲಾದ ಕೆಲಸ ಮಾಡೋದು, ಪರಿಹಾರ ಕಾರ್ಯವನ್ನು ಫೋಟೋ, ಬರಹಗಳಲ್ಲಿ ದಾಖಲೆ ಮಾಡೋದು, ಬಂದ ಮೇಲೆ ಸಂಘದಲ್ಲಿ ಒಂದು ಪ್ರದರ್ಶನ ಇಡೋದು ಅಂತ ಯೋಜನೆ ಹಾಕಿದೆವು. ಆ ರಾತ್ರಿ ನಮ್ಮನ್ನು ನಾವೇ ಬಹಳ ಮೆಚ್ಚಿಕೊಂಡೆವು.

ರೈಲು ಖರ್ಚಿಗೆ ಹಣ ಕೇಳಲು ಸಂಘದ ಹಿರಿಯರೊಬ್ಬರ ಮನೆಗೆ ಹೋದೆವು. ಅವರು ಕಾಫಿ ಕೊಟ್ಟು ಒಂದೇ ಪ್ರಶ್ನೆ ಕೇಳಿದರು: "ಅಲ್ಲಪ್ಪಾ, ನಿಮಗೆ ಏನು ಕೆಲಸ ಬರುತ್ತೆ?"

ಸಿಟ್ಟು ಬಂತು. ಆದರೆ ಉತ್ತರ ಬರಲಿಲ್ಲ. ಆಮೇಲೆ ಅವರೇ 2004ರ ಸುನಾಮಿಯ ಮಾತು ತೆಗೆದರು. ನಾಗಪಟ್ಟಣದಲ್ಲಿ ರಸ್ತೆ ಪಕ್ಕ ಹಳೇ ಬಟ್ಟೆಗಳು ರಾಶಿ ರಾಶಿ ಬಿದ್ದಿದ್ದವಂತೆ. ಮನೆ ಹೋದ ಮೀನುಗಾರ ಹೆಂಗಸರು ಅದನ್ನು ಮುಟ್ಟಲಿಲ್ಲ. ಯಾಕೆ ಮುಟ್ಟಬೇಕು? ಮನೆ ಹೋದರೆ ಮಾನವೂ ಹೋಯಿತೇ? ಕಡೆಗೆ ಆ ರಾಶಿ ಸಾಗಿಸುವುದೇ ಇನ್ನೊಂದು ಕೆಲಸವಾಯಿತು. "ಬಟ್ಟೆ ಹಾಗೇ ಜನಾನೂ ರಾಶಿ ಬೀಳ್ತಾರೆ ಕಣ್ರಯ್ಯಾ" ಅಂದರು.

ಮಿತ್ರರೇ, ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. 2018ರ ಕೇರಳದ ನೆರೆಯಲ್ಲಿ ಮೀನುಗಾರರು ತಮ್ಮ ದೋಣಿಗಳನ್ನೇ ಲಾರಿಗೆ ಹೇರಿಕೊಂಡು ಬಂದು ಸಾವಿರಾರು ಜನರನ್ನು ಉಳಿಸಿದರು. ಅವರಿಗೆ ದೋಣಿ ಗೊತ್ತು, ನೀರು ಗೊತ್ತು. ಚೂರಲ್‌ಮಲದಲ್ಲಿ ಸೇತುವೆ ಕೊಚ್ಚಿಹೋಗಿತ್ತು. ಹೆಸರಿನಲ್ಲಿ ಮದರಾಸು ಇದ್ದರೂ ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹಗಲೂ ರಾತ್ರಿ ದುಡಿದು, ಆಗಸ್ಟ್ 1ರ ಸಂಜೆಯ ಹೊತ್ತಿಗೆ 190 ಅಡಿಯ ಬೈಲಿ ಸೇತುವೆ ನಿಲ್ಲಿಸಿದರು. ಅವರಿಗೆ ಕಬ್ಬಿಣದ ಕೆಲಸ ಗೊತ್ತು. ನನಗೆ? ಅದೇ ದಿನಗಳಲ್ಲಿ ಕೇರಳ ಪೊಲೀಸರು, ದಯವಿಟ್ಟು ನೋಡೋದಕ್ಕೆ ಅಂತ ಬರಬೇಡಿ, ರಕ್ಷಣಾ ಕೆಲಸಕ್ಕೆ ಅಡ್ಡಿಯಾಗುತ್ತೆ ಎಂದು ಜನರನ್ನು ಕೇಳಿಕೊಳ್ಳುತ್ತಿದ್ದರು. ಆ ಮಾತು ನಮಗೇ ಹೇಳಿದ ಹಾಗಿತ್ತು. ಹೋಗಬೇಕೆಂಬ ನನ್ನ ಆಸೆಯಲ್ಲಿ ಅರ್ಧ ಮರುಕ ಇತ್ತು, ಸುಳ್ಳಲ್ಲ. ಇನ್ನರ್ಧ, ನಾನೂ ಅಲ್ಲಿದ್ದೆ ಅನ್ನಿಸಿಕೊಳ್ಳುವ ಚಪಲ.

ಹಾಗಂತ ಹೋಗದೆ ಇರಲಿಲ್ಲ. ಹದಿನೈದು ದಿನ ತಡೆದು, ಮೊದಲೇ ಹೆಸರು ಕೊಟ್ಟು, ಬನ್ನಿ ಅಂದ ಮೇಲೆ ಆಗಸ್ಟ್ 15ರ ರಜೆ ಸೇರಿಸಿಕೊಂಡು ಮಂಗಳೂರು ಮೇಲ್ ಹತ್ತಿದೆವು. ನಾಲ್ಕು ಜನರಲ್ಲಿ ಉಳಿದದ್ದು ಇಬ್ಬರು. ಜೊತೆಗೆ ಕಲ್ಲಿಕೋಟೆಯ ಒಬ್ಬ ಸಹಪಾಠಿ.

ಮೇಪ್ಪಾಡಿಯ ಶಿಬಿರದಲ್ಲಿ ಗುಂಡ್ಲುಪೇಟೆ ಕಡೆಯ ಒಬ್ಬ ಅಜ್ಜ ಸಿಕ್ಕರು. ಕನ್ನಡ ಕೇಳಿ ಹತ್ತಿರ ಬಂದರು. ನಾನು ಅಭ್ಯಾಸಬಲದಿಂದ ಫೋನ್ ತೆಗೆದೆ. ಅವರು ಬೈಯಲಿಲ್ಲ. "ಪೋಟ ಆಮೇಲೆ ತಗಿಯಪ್ಪ, ಮೊದ್ಲು ಇದ್ರಾಗೆ ಏನ್ ಬರ್ದದೆ ಓದ್ಬುಡು" ಅಂತ ಒಂದು ಅರ್ಜಿ ಕೈಗಿಟ್ಟರು. ಅರ್ಜಿ ಮಲಯಾಳದಲ್ಲಿತ್ತು. ಸಹಪಾಠಿ ಓದಿ ನನಗೆ ತಮಿಳಿನಲ್ಲಿ ಹೇಳಿದ, ನಾನು ಅಜ್ಜನಿಗೆ ಕನ್ನಡದಲ್ಲಿ ಹೇಳಿದೆ. ಅವರ ಉತ್ತರ ಅದೇ ದಾರಿ ಹಿಡಿದು ವಾಪಸ್ಸು ಹೋಗಿ ಕಾಗದಕ್ಕೆ ಇಳಿಯಿತು. ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ, ಮೊಮ್ಮಗಳ ಶಾಲಾ ಸರ್ಟಿಫಿಕೇಟು, ಎಲ್ಲ ಮಣ್ಣಿನಡಿ. ಒಂದು ಅರ್ಜಿಗೆ ಮುಕ್ಕಾಲು ಗಂಟೆ ಹಿಡಿಯಿತು. ಉಳಿದ ಮೂರು ದಿನವೂ ಅದೇ ಕೆಲಸ. ಹಿರಿಯರ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು: ನನಗೆ ಎರಡು ಭಾಷೆ ಬರುತ್ತೆ, ಬರೆಯೋದು ಬರುತ್ತೆ.

ದಾಖಲೆ ಮಾಡ್ತೀವಿ ಅಂತ ಹೊರಟವರು ನಾವು. ಯಾರ ದಾಖಲೆ? ಬದುಕಿ ಉಳಿದವನು ತಾನು ಇಂಥವನು, ತನಗೊಂದು ಮನೆ ಇತ್ತು ಎಂದು ತೋರಿಸಲು ಬೇಕಾದ ಕಾಗದ ಮೊದಲ ದಾಖಲೆ. ನಮ್ಮ ಫೋಟೋ ಆಮೇಲಿನದು. ಪುತ್ತುಮಲದಲ್ಲಿ, ಗುರುತು ಸಿಗದವರನ್ನು ಎಲ್ಲ ಮತಗಳ ಪ್ರಾರ್ಥನೆ ಮಾಡಿ ಹೂಳಿದ ಜಾಗದಲ್ಲಿ, ಹೆಸರಿಲ್ಲದೆ ಸಂಖ್ಯೆ ಹಾಕಿದ ಕಲ್ಲುಗಳನ್ನು ನೆಟ್ಟಿದ್ದರು. ಆಮೇಲೆ ಡಿಎನ್‌ಎ ಪರೀಕ್ಷೆಯಿಂದ ಒಬ್ಬೊಬ್ಬರದೇ ಹೆಸರು ತಿಳಿಯುತ್ತ ಬಂತು. ಯಾರೋ ಪುಣ್ಯಾತ್ಮರು ಕ್ರಮವಾಗಿ ಬರೆದಿಟ್ಟಿದ್ದರಿಂದ ತಾನೇ ಅದು ಸಾಧ್ಯವಾದದ್ದು?

ಫೋಟೋ ಇಲ್ಲದಿದ್ದರೆ ಹೊರಗಿನವರಿಗೆ ಗೊತ್ತಾಗೋದು ಹೇಗೆ, ಹಣ ಬರೋದು ಹೇಗೆ ಅಂತ ಗೆಳೆಯರು ವಾದಿಸುತ್ತಾರೆ. ನಿಜ. ನಾನು ಕ್ಯಾಮೆರಾದ ವಿರೋಧಿಯಲ್ಲ. ಆದರೆ ಮೊದಲ ವಾರ ಅಲ್ಲಿ ಕ್ಯಾಮೆರಾಕ್ಕೆ ಬರ ಇರಲಿಲ್ಲ. ಆಗಸ್ಟ್ ಕೊನೆಯ ಹೊತ್ತಿಗೆ ಶಿಬಿರಗಳು ಮುಚ್ಚಿದವು. ತಿಂಗಳಿಗೆ 6,000 ರೂಪಾಯಿ ಬಾಡಿಗೆ ಸಹಾಯದ ಮೇಲೆ ಕುಟುಂಬಗಳು ಬಾಡಿಗೆ ಮನೆಗಳಿಗೆ ಚದುರಿಹೋದವು. ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಹೊಸ ಊರಿಗೆ ಅಡಿಗಲ್ಲು ಬಿದ್ದದ್ದು 2025ರ ಮಾರ್ಚ್ 27ಕ್ಕೆ. ನಡುವಿನ ಎಂಟು ತಿಂಗಳು ಆ ಜನ ಹೇಗಿದ್ದರು, ಯಾರಿಗೆ ಏನು ಸೇರಿತು, ಯಾರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು? ದಾಖಲೆ ಮಾಡುವವರಿಗೆ ನಿಜವಾದ ಕೆಲಸ ಇದ್ದದ್ದು ಆ ಎಂಟು ತಿಂಗಳಲ್ಲಿ. ನಾನೂ ಎರಡನೇ ಸಲ ಹೋಗಲಿಲ್ಲ. ಪರೀಕ್ಷೆ ಇತ್ತು ಅನ್ನೋದು ನೆಪ.

ಆದ್ದರಿಂದ ಸಂಘಕ್ಕೆ ನನ್ನದೊಂದು ಸಲಹೆ. ಒಂದು ನೋಟ್‌ಬುಕ್ ಇಡೋಣ. ಪ್ರತಿಯೊಬ್ಬರೂ ತಮಗೆ ಯಾವ ಭಾಷೆ ಬರುತ್ತೆ, ಏನು ಕೆಲಸ ಗೊತ್ತು, ಎಷ್ಟು ದಿನ ಕೊಡಬಲ್ಲರು ಎಂದು ಈಗಲೇ ಬರೆದಿಡಲಿ. ಮುಂದಿನ ಸಲ ಎಲ್ಲೇ ಅನಾಹುತವಾಗಲಿ, ಕರೆದಾಗ ಹೋಗೋಣ. ಆರು ತಿಂಗಳಾದ ಮೇಲೆ, ಕರೆಯದಿದ್ದರೂ, ಹೇಗಿದ್ದೀರಿ ಅಂತ ಕೇಳಲು ಇನ್ನೊಮ್ಮೆ ಹೋಗೋಣ. ಪ್ರದರ್ಶನ ಆಮೇಲೆ ಇಟ್ಟರಾಯಿತು.

ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ. ಜಗಳವಾದರೂ ಚಿಂತೆಯಿಲ್ಲ.