ಬಡವನ ಕಾಲಿಗೆ ಹೊಸ ಬೇಡಿ

ರೋಗಕ್ಕೆ ಸೆರೆಮನೆಯ ಗೋಡೆ ಅಡ್ಡವಲ್ಲ. ಈ ಸರಳ ಸತ್ಯ ನಮ್ಮ ಆಳುವವರಿಗೆ ತಿಳಿಯಲು ಒಂದು ಮಹಾಮಾರಿಯೇ ಬರಬೇಕಾಯಿತು. 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟು, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳ ಕೈದಿಗಳನ್ನು ಪೆರೋಲ್ ಇಲ್ಲವೆ ಮಧ್ಯಂತರ ಜಾಮೀನಿನ ಮೇಲೆ ಬಿಡುವ ಬಗ್ಗೆ ಪ್ರತಿ ರಾಜ್ಯವೂ ಸಮಿತಿ ರಚಿಸಿ ಯೋಚಿಸಲೆಂದು ಆಜ್ಞೆ ಮಾಡಿತು. ಮರುತಿಂಗಳು ನಮ್ಮ ಸರ್ಕಾರ ಮಾಡಿದ್ದೇನು? ಬೆಂಗಳೂರಿನ ಪಾದರಾಯನಪುರದಲ್ಲಿ ಹಿಡಿದವರನ್ನು ರಾಮನಗರದ ಜೈಲಿಗೆ ತುಂಬಿತು. ಕೆಲವರಿಗೆ ಸೋಂಕು ಕಂಡಮೇಲೆ ಮತ್ತೆ ಬೆಂಗಳೂರಿಗೆ ಸಾಗಿಸಿತು!

ಜೈಲಿನಲ್ಲಿ ಇರುವವರಾದರೂ ಯಾರು? 2020ರ ಕೊನೆಗೆ ದೇಶದಲ್ಲಿದ್ದ 4,88,511 ಬಂದಿಗಳಲ್ಲಿ 3,71,848 ಮಂದಿಗೆ ತೀರ್ಪೇ ಆಗಿರಲಿಲ್ಲ. ಹಣವಂತ ಸಂಜೆಯೊಳಗೆ ಜಾಮೀನು ತರುತ್ತಾನೆ. ಕೂಲಿಗೆ ಜಾಮೀನು ನಿಲ್ಲುವವರಿಲ್ಲ. ಗಾರೆ ಕೆಲಸದ ಮೋತಿರಾಮನಿಗೆ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿ, ಸೋದರನ ಆಸ್ತಿ ಬೇರೆ ಜಿಲ್ಲೆಯದೆಂದು ಅದನ್ನೂ ತಳ್ಳಿಹಾಕಿದ್ದನ್ನು 1978ರಲ್ಲೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಖಂಡಿಸಿದ್ದರು. ರೋಗ ಈ ಅನ್ಯಾಯವನ್ನು ಹುಟ್ಟಿಸಲಿಲ್ಲ, ಬಯಲಿಗೆಳೆಯಿತು ಅಷ್ಟೆ.

ಈಗ ಹೊಸ ಮದ್ದು ಬಂದಿದೆ. ರಜೆಯ ಮೇಲೆ ಹೊರಹೋಗುವ ಕೈದಿ ‘ಒಪ್ಪಿದರೆ’ ಅವನ ಮೈಗೆ ಚಲನವಲನ ತಿಳಿಸುವ ಯಂತ್ರ ತೊಡಿಸಬಹುದೆಂದು ಕೇಂದ್ರ ಸರ್ಕಾರದ 2023ರ ಮಾದರಿ ಕಾರಾಗೃಹ ಕಾಯಿದೆ ಹೇಳುತ್ತದೆ. ಬೀಗದ ಹಿಂದೆ ನಿಂತವನ ಒಪ್ಪಿಗೆ ಎಂಥ ಒಪ್ಪಿಗೆ ಸ್ವಾಮಿ? ಅದೇ ವರ್ಷ ಜಮ್ಮು-ಕಾಶ್ಮೀರದಲ್ಲಿ ಜಾಮೀನಿನ ಆರೋಪಿಯ ಕಾಲಿಗೆ ಅದನ್ನು ಕಟ್ಟಿಯೂ ಆಯಿತು. 2020ರಲ್ಲಿ ಮನೆಯಲ್ಲಿ ಪ್ರತ್ಯೇಕವಾಗಿದ್ದವರು ಗಂಟೆಗೊಮ್ಮೆ ತಮ್ಮ ಫೋಟೋ ಕಳುಹಿಸಬೇಕೆಂದು ನಮ್ಮ ರಾಜ್ಯದಲ್ಲಿ ಆಜ್ಞೆಯಾಗಿತ್ತು; ರುಚಿ ಅಂದೇ ಹತ್ತಿತ್ತು.

ಜೈಲಿಗಿಂತ ಯಂತ್ರ ಮೇಲಲ್ಲವೆ ಎನ್ನುವವರಿದ್ದಾರೆ. ಶಿಕ್ಷೆಯಾದವನು ಅವಧಿಗೆ ಮುಂಚೆ ಹೊರಬರುವುದಾದರೆ ಈ ಮಾತಿನಲ್ಲಿ ಅರ್ಥವುಂಟು. ಆದರೆ ತೀರ್ಪಾಗದವನಿಗೇಕೆ ಬೇಡಿ? ನೆಮ್ಮಾರಿನ ಕಡೆಯ ತೋಟದ ಕೂಲಿಯನ್ನು ನೆನೆಯಿರಿ. ತುಂಗೆಯ ದಂಡೆ, ಸುತ್ತ ಗುಡ್ಡ, ಕಾಡು. ಕೊರೋನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಿದ್ದನ್ನು ಮರೆತಿರಾ? ಮಳೆಗಾಲದಲ್ಲಿ ಕರೆಂಟು ಹೋಗಿ ಯಂತ್ರ ಸತ್ತರೆ, ‘ಓಡಿಹೋದ’ ಎಂದು ಬರೆಯುವುದು ಯಾರ ಹೆಸರಿನ ಮುಂದೆ? ಕಾಲಿನ ಯಂತ್ರ ಕಂಡಮೇಲೆ ಯಾವ ಗಿರಣಿ ಅವನನ್ನು ಗೇಟಿನೊಳಗೆ ಬಿಟ್ಟೀತು? ಯಾವ ಅಂಗಡಿ ಉದ್ರಿ ಕೊಟ್ಟೀತು? ಅಮೆರಿಕದ ಹಲವೆಡೆ ಈ ಬೇಡಿಯ ದಿನಬಾಡಿಗೆಯನ್ನೂ ತೊಟ್ಟವನಿಂದಲೇ ವಸೂಲು ಮಾಡುತ್ತಾರೆ!

ಜಾಮೀನು ಪಡೆದವನು ತಾನಿರುವ ಜಾಗವನ್ನು ಸದಾ ಪೊಲೀಸರಿಗೆ ತೋರಿಸುತ್ತಿರಬೇಕೆಂಬ ಷರತ್ತು ಸಲ್ಲದೆಂದು 2024ರ ಜುಲೈ 8ರಂದು ಸುಪ್ರೀಂ ಕೋರ್ಟೇ ಹೇಳಿದೆ. ಅದೇ ತಿಂಗಳು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಮರಣದಂಡನೆ, ಜೀವಾವಧಿಯ ಆರೋಪಗಳನ್ನು ಬಿಟ್ಟರೆ, ಮೊದಲ ಸಲ ಸಿಕ್ಕಿಬಿದ್ದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರರಲ್ಲೊಂದು ಭಾಗ ಕಳೆದರೆ ಬಾಂಡಿನ ಮೇಲೆ ಬಿಡುಗಡೆಗೆ ಅರ್ಹ. ಅರ್ಜಿ ಹಾಕಬೇಕಾದವರು ಜೈಲಿನ ಅಧಿಕಾರಿಯೇ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು: ಮೊದಲು ಈ ಕಲಮು ಜಾರಿಯಾಗಲಿ. ಹಣದ ಜಾಮೀನು ಬಡವನ ಕೊರಳಿಗೆ ಉರುಳಾಗದಿರಲಿ. ಇನ್ನೊಂದು ರೋಗ ಬರುವ ಮುನ್ನ ಜೈಲುಗಳು ಬರಿದಾಗಲಿ. ಕಬ್ಬಿಣದ ಬೇಡಿ ಕಳಚಿ ವಿದ್ಯುತ್ತಿನ ಬೇಡಿ ತೊಡಿಸುವುದನ್ನು ಬಿಡುಗಡೆಯೆಂದು ಕರೆಯಲು ನಾವು ಸಿದ್ಧರಿಲ್ಲ.