ಗೋಧಿ ಬಣ್ಣ ಎಂಬ ಸುಳ್ಳು



ಹೋದ ವರ್ಷ ನಾನೊಂದು ಸುಳ್ಳು ಬರೆದೆ. ಕವಿತೆಯಲ್ಲಲ್ಲ, ತಂಗಿಯ ಮದುವೆಯ ಬಯೋಡೇಟಾದಲ್ಲಿ. ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ ಅಂತ ಪೆನ್ನು ನನ್ನ ಕೈಗೇ ಬಂತು. ಹೆಸರು, ಹುಟ್ಟಿದ ತಾರೀಖು, ಎತ್ತರ ಎಲ್ಲ ಬರೆದೆ. 'ಬಣ್ಣ' ಅನ್ನುವಲ್ಲಿ ಪೆನ್ನು ನಿಂತಿತು. ಆಮೇಲೆ 'ಗೋಧಿ ಬಣ್ಣ' ಅಂತ ಬರೆದುಬಿಟ್ಟೆ.

ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಯಾರು ಗೋಧಿ ಬೆಳೀತಾರೆ ಹೇಳಿ? ನಾವು ಕಂಡದ್ದು ಗದ್ದೆಯ ಭತ್ತ, ಹೊಲದ ರಾಗಿ, ಧಣಿಗಳ ತೋಟದ ಕಾಫಿ. ನನ್ನ ತಂಗಿ ರಾಗಿ ಬಣ್ಣದವಳು. 'ರಾಗಿ ಬಣ್ಣ' ಅಂತ ಯಾಕೆ ಬರೆಯಲಿಲ್ಲ? ಹದಿನಾರನೆಯ ಶತಮಾನದಲ್ಲೇ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ ರಾಗಿಯನ್ನು ಗೆಲ್ಲಿಸಿದರು. ಅದನ್ನು ಓದಿ ಪರೀಕ್ಷೆ ಪಾಸಾದವನು ನಾನು. ಮನೆಗೆ ಬಂದು ಒಂದೇ ಪದದಲ್ಲಿ ರಾಗಿಯನ್ನು ಸೋಲಿಸಿದೆ.

ಬರೆದ ಸುಳ್ಳನ್ನು ನಿಜ ಮಾಡುವ ಕೆಲಸ ತಂಗಿಯ ಮುಖದ ಮೇಲೆ ಬಿತ್ತು.

ಫೆಬ್ರವರಿವರೆಗೂ ಅವಳು ಅವ್ವನ ಜೊತೆ ಕಾಫಿ ಕೊಯ್ಲಿಗೆ ಹೋದಳು. ಗಿಡದಲ್ಲಿ ಕೆಂಜಿಗ, ಕಣದಲ್ಲಿ ಬಿಸಿಲು. ಹಣ್ಣು ಕಿತ್ತು ಕಿತ್ತು ಬೆರಳ ಸಂದೆಲ್ಲ ಕಪ್ಪು ಕರೆ. ಮದುವೆ ಏಪ್ರಿಲ್‌ಗೆ ಗೊತ್ತಾಗಿತ್ತು. "ನನ್ ಬಣ್ಣನೇ ಕೂಸಿಗೂ ಬಂದ್ಬುಡ್ತಲ್ಲೋ" ಅಂತ ಅವ್ವ ಒಲೆ ಮುಂದೆ ಕೂತು ಅತ್ತಳು. ಮೂವತ್ತು ವರ್ಷ ದುಡಿದು ಸಂಸಾರ ಸಾಕಿದ ಮೈಯನ್ನೇ ಅವಳು ತಪ್ಪು ಮಾಡಿದವಳ ಹಾಗೆ ಕಾಣುತ್ತಿದ್ದಳು. ಇದನ್ನು ಅವಳಿಗೆ ಕಲಿಸಿದವರು ಯಾರು?

ಯಾರೋ ಹೇಳಿದರು ಅಂತ ಒಂದು ಟ್ಯೂಬು ಬಂತು. ಚೀಟಿ ಇಲ್ಲ, ಡಾಕ್ಟರಿಲ್ಲ. ಹದಿನೈದು ದಿನದಲ್ಲಿ ಮುಖ ತಿಳಿಯಾಯಿತು. ಮನೆಯವರೆಲ್ಲ ಹಿಗ್ಗಿದರು. ನಾನೂ ಹಿಗ್ಗಿದೆ. ಮದುವೆಗೆ ವಾರ ಇದೆ ಅನ್ನುವಾಗ ಟ್ಯೂಬು ಮುಗಿಯಿತು, ಮುಖ ಕೆಂಡವಾಯಿತು. ಸಣ್ಣ ಸಣ್ಣ ಗುಳ್ಳೆ, ಉರಿ. ಅದರ ಮೇಲೇ ಪಾರ್ಲರಿನಲ್ಲಿ ದಪ್ಪಗೆ ಬಣ್ಣ ಬಳಿಸಿ ಹಸೆಮಣೆಗೆ ಕೂರಿಸಿದೆವು. ಅದಕ್ಕೆ ಕೊಟ್ಟ ದುಡ್ಡು ಅವ್ವನ ಒಂದು ತಿಂಗಳ ಕೂಲಿ. "ಉರೀತದೆ ಕಣಣ್ಣ. ಆದ್ರೂ ಫೋಟೋದಲ್ಲಿ ಚೆನ್ನಾಗ್ ಬತ್ತೀನಿ ಅಲ್ವಾ?" ಅಂದಳು. ನಾನು "ಹೂಂ" ಅಂದೆ.

ಮದುವೆಯಾದ ಮೇಲೆ ಹಾಸನದಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದಾಗ ಗೊತ್ತಾಯಿತು, ಅದು ಸ್ಟೀರಾಯ್ಡ್. ಹಚ್ಚಿದಾಗ ಚರ್ಮದ ರಕ್ತನಾಳ ಕುಗ್ಗಿ ಮುಖ ಬೆಳ್ಳಗೆ ಕಾಣುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ. ಬಿಟ್ಟ ಕೂಡಲೇ ಉರಿ ಏಳುತ್ತದೆ. ಉರಿ ತಡೆಯಲಾರದೆ ಮತ್ತೆ ಅದೇ ಟ್ಯೂಬಿಗೆ ಕೈ ಹೋಗುತ್ತದೆ. ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ ಆದೇಶ ಮಾಡಿತು. ಕ್ರೀಮಿಗೆ ಪಾದರಸ ಬೆರೆಸಬಾರದು ಅಂತ 2020ರ ಸೌಂದರ್ಯವರ್ಧಕ ನಿಯಮಗಳಿವೆ. ಆದರೂ 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮುಖ ಬೆಳ್ಳಗೆ ಮಾಡುವ ಕ್ರೀಮು ಹಚ್ಚಿದವರ ಮೂತ್ರಪಿಂಡ ಕೆಟ್ಟದ್ದು ಸುದ್ದಿಯಾಯಿತು. ಕಾಯ್ದೆ ಕಾಗದದಲ್ಲಿದೆ, ಪಾದರಸ ರಕ್ತದಲ್ಲಿದೆ.

ಕಂಪನಿಗಳೂ ಬದಲಾಗಿವೆಯಂತೆ. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಅಮೆರಿಕದಲ್ಲಿ ಕರಿಯರು ಬೀದಿಗಿಳಿದ ಮೇಲೆ ಇಲ್ಲಿ ಡಬ್ಬಿಯ ಹೆಸರು ಬದಲಾಯಿತು. ಹೆಣ್ಣು ನೋಡಲು ಬಂದವರ ಕಣ್ಣು ಬದಲಾಯಿತೆ?

ಕಣ್ಣಿನ ರೋಗ ಕಂಪನಿಗಿಂತ ಹಳೆಯದು. ವರ್ಣ ಅಂದರೆ ಬಣ್ಣ. ಈ ವ್ಯವಸ್ಥೆ ತನ್ನ ಹೆಸರಿನಲ್ಲೇ ತನ್ನ ಹುನ್ನಾರವನ್ನು ಬರೆದುಕೊಂಡಿದೆ. ಮೇಲ್ಜಾತಿಯಲ್ಲೂ ಕಪ್ಪಗಿದ್ದವರಿದ್ದಾರೆ, ನಮ್ಮ ಕೇರಿಯಲ್ಲೂ ಬೆಳ್ಳಗಿದ್ದವರಿದ್ದಾರೆ. ಅದು ಎಲ್ಲರಿಗೂ ಗೊತ್ತು. ಆದರೂ ನೆರಳಲ್ಲಿ ಕೂತ ಮೈ ಶ್ರೇಷ್ಠ, ಬಿಸಿಲಲ್ಲಿ ದುಡಿದ ಮೈ ಕೀಳು ಅನ್ನುವ ಲೆಕ್ಕ ಮಾತ್ರ ಅಳಿಸಿಲ್ಲ. ನಮ್ಮ ಹುಡುಗಿ ಮದುವೆಗೆ ಮುನ್ನ ಉಜ್ಜಿ ಉಜ್ಜಿ ತೆಗೆಯುವುದು ಕೊಳೆಯನ್ನಲ್ಲ. ತನ್ನ ದುಡಿಮೆಯ ಗುರುತನ್ನು, ತನ್ನ ಅವ್ವನ ಗುರುತನ್ನು.

"ಹಾಗಾದರೆ ನಮ್ಮ ಹೆಣ್ಣುಮಕ್ಕಳು ಸಿಂಗಾರ ಮಾಡ್ಕೋಬಾರದೇನಯ್ಯ?" ಅಂತ ಕೇಳುವವರಿದ್ದಾರೆ. ಮಾಡ್ಕೋಬೇಕು ಕಣ್ರಿ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಸೀರೆ ಉಡುವ ರೀತಿಯ ಬಗ್ಗೆಯೇ ಮಾತಾಡಿದರು. ಅಸ್ಪೃಶ್ಯರೆಂದು ದೂರದಿಂದಲೇ ತೋರಿಸುವ ಆ ಭಾರದ ಒಡವೆಗಳನ್ನು ಬಿಸಾಕಿ, ಮೇಲ್ಜಾತಿಯ ಹೆಂಗಸರು ಉಡುವ ಹಾಗೆಯೇ ಸೀರೆ ಉಡಿ ಅಂದರು. ಇವತ್ತಿಗೂ ಕುದುರೆ ಏರಿದ ದಲಿತ ಮದುಮಗನನ್ನು ಕೆಳಗಿಳಿಸುವ ಸುದ್ದಿ ಉತ್ತರದ ಕಡೆಯಿಂದ ಬರುತ್ತಲೇ ಇದೆ. ಸಿಂಗಾರ ನಮಗೆ ಯಾರೂ ದಾನ ಕೊಟ್ಟದ್ದಲ್ಲ, ಹೋರಾಡಿ ಪಡೆದದ್ದು. ರೇಷ್ಮೆ ಸೀರೆ ಉಡಲಿ, ಮೊಳಗಟ್ಟಲೆ ಮಲ್ಲಿಗೆ ಮುಡಿಯಲಿ, ಮೊಣಕೈವರೆಗೆ ಮದರಂಗಿ ಹಾಕಿಸಿಕೊಳ್ಳಲಿ. ಆದರೆ ಮಹಾಡದಲ್ಲಿ ಬಿಸಾಕಿದ್ದು ಅವಮಾನದ ಗುರುತನ್ನು. ಚರ್ಮ ಅವಮಾನದ ಗುರುತಲ್ಲ. ಒಡವೆ ಕಳಚಬಹುದು, ಚರ್ಮ ಕಳಚಲಾಗುತ್ತದೆಯೆ?

ಹಳೆಯದೇ ಚೆಂದ ಅಂತಲೂ ನಾನು ಹೇಳುತ್ತಿಲ್ಲ. ಚಪ್ಪರದಲ್ಲಿ ಅರಿಸಿನ ಹಚ್ಚುವಾಗ ಹಾಡಿದೆ, ನಗುವಿದೆ, ನಿಜ. ಆದರೆ ಹಚ್ಚುವವರು ಮುತ್ತೈದೆಯರೇ ಆಗಬೇಕು. ತಂಗಿಯನ್ನು ಎತ್ತಿ ಆಡಿಸಿದ ನಮ್ಮ ದೊಡ್ಡವ್ವ ಗಂಡ ಸತ್ತವಳು ಅಂತ ಕಂಬದ ಆಚೆ ನಿಂತಿದ್ದಳು. ಬಟ್ಟಲಿನ ಅರಿಸಿನಕ್ಕೂ ಟ್ಯೂಬಿನ ಕ್ರೀಮಿಗೂ ನಡುವೆ ಆರಿಸಿಕೋ ಅಂದರೆ, ಎರಡರ ಮೇಲೂ ನನಗೆ ಪ್ರಶ್ನೆಯಿದೆ.

ಕೊನೆಯ ಮಾತು ನಮ್ಮವರಿಗೆ, ಈ ಪತ್ರಿಕೆಯಲ್ಲಿ ಬರೆಯುವವರಿಗೆ. ವೇದಿಕೆ ಹತ್ತಿ ಕಪ್ಪನ್ನು ಕೊಂಡಾಡುವ ಗೆಳೆಯ, ಹೆಣ್ಣು ನೋಡಿ ಬಂದ ಮೇಲೆ "ಇನ್ನೊಂಚೂರು ಬೆಳ್ಳಗಿದ್ದಿದ್ರೆ" ಅಂತಾನೆ. ಅವನ ಕವಿತೆ ಚಪ್ಪಾಳೆ ಗಿಟ್ಟಿಸುತ್ತದೆ. ಅವನ ಆ ಒಂದು ಮಾತು ಇನ್ನೊಬ್ಬಳ ಕೈಗೆ ಟ್ಯೂಬು ಕೊಡುತ್ತದೆ. ಬೇರೆಯವರನ್ನು ಬಯ್ಯುವ ಮೊದಲು ನಮ್ಮ ಹಟ್ಟಿಯ ಗಂಡಸರ ಬಾಯಿಗೆ ಕನ್ನಡಿ ಹಿಡಿಯಬೇಕು. ಮೊದಲು ನನಗೆ.

ಆಲ್ಬಮ್ಮಿನಲ್ಲಿ ಧಾರೆಯ ಫೋಟೋ ಒಂದಿದೆ. ಹಾಲು ಸುರಿಯುತ್ತಿದೆ. ತಂಗಿಯ ಮುಖ ಗೋಡೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ಚಾಚಿದ ಕೈ ಮಾತ್ರ ಅವಳದೇ. ಮದರಂಗಿಯ ಸಂದಿನಲ್ಲಿ ಕಾಫಿಯ ಕರೆ ಇನ್ನೂ ಕಾಣುತ್ತದೆ. ಆ ಫೋಟೋದಲ್ಲಿ ನನಗೆ ಗುರುತು ಸಿಗುವುದು ಆ ಕೈ ಒಂದೇ.

ಈಗ ಚಿಕ್ಕಪ್ಪನ ಮಗಳಿಗೆ ಬಯೋಡೇಟಾ ಬರೆದುಕೊಡು ಅಂತ ಕೇಳಿದ್ದಾರೆ. ಬರೆದುಕೊಟ್ಟೆ. 'ಬಣ್ಣ' ಅನ್ನುವ ಸಾಲನ್ನೇ ಹೊಡೆದುಹಾಕಿದ್ದೇನೆ. ಅದನ್ನು ಕೇಳಿಕೊಂಡು ಬರುವವನು ನಮ್ಮ ಚಪ್ಪರಕ್ಕೆ ಬರುವುದು ಬೇಡ.