ಬಣ್ಣ ಒಣಗಿತು, ಗಾಡಿ ಇನ್ನೂ ಆಗಿಲ್ಲ

"ಫುಲ್ಲಿ ರಿಸ್ಟೋರ್ಡ್, ಶೋರೂಮ್ ಕಂಡೀಷನ್." ಹಳೇ ಜಾವಾ, ಯೆಜ್ಡಿ ಮಾರೋ ಜಾಹೀರಾತುಗಳಲ್ಲಿ ಈ ಮಾತು ಇಲ್ಲದಿರೋದೇ ಅಪರೂಪ. ಟ್ಯಾಂಕಿನಲ್ಲಿ ಮುಖ ನೋಡ್ಕೊಂಡು ತಲೆ ಬಾಚಬಹುದು, ಕ್ರೋಮು ಕಣ್ಣು ಕುಕ್ಕುತ್ತೆ. ಸರಿ, ಇದರಲ್ಲಿ ಮೈಸೂರಿಗೆ, ಅಂದರೆ ಅದರ ತವರಿಗೇ, ಒಂದ್ಸಲ ಹೋಗಿ ಬಾ ಅನ್ನಿ. ಮಾಲೀಕ ಗಂಟಲು ಸರಿಮಾಡ್ಕೋತಾನೆ. "ಇಲ್ಲ ಗುರೂ, ಸ್ವಲ್ಪ ಟ್ಯೂನಿಂಗ್ ಬಾಕಿ ಇದೆ."

ನನ್ನ ತಕರಾರೆಲ್ಲ ಆ 'ಸ್ವಲ್ಪ'ದ ಮೇಲೆ. ಯುಐ ಮುಗಿದಿದೆ, ಟೆಸ್ಟಿಂಗ್ ಮಾತ್ರ ಬಾಕಿ, ಹಾಗಾಗಿ ಪ್ರಾಜೆಕ್ಟ್ ಮುಗೀತು ಅಂತ ನಿಮ್ಮ ಆಫೀಸಲ್ಲಿ ಯಾರಾದ್ರೂ ಹೇಳಿದರೆ ನೀವು ಒಪ್ಪೋದಿಲ್ಲ. ಅದೇ ನೀವು ಶನಿವಾರ ಗ್ಯಾರೇಜಿಗೆ ಹೋಗಿ, ಲಕ್ಷ ದಾಟಿದ ಬಿಲ್ಲು ಕಟ್ಟಿ, ಸ್ಟಾರ್ಟ್ ಆದರೂ ಓಡದ ಗಾಡಿಯ ಪಕ್ಕ ನಿಂತು ಫೋಟೋ ತೆಗೆಸ್ಕೋತೀರಿ.

ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿದ್ದು 1961ರಲ್ಲಿ, ಬಾಗಿಲು ಹಾಕಿದ್ದು 1996ರಲ್ಲಿ. ಅಂದರೆ ತೀರಾ ಕೊನೆಗೆ ಹೊರಬಂದ ಯೆಜ್ಡಿಗೂ ಈಗ ಮೂವತ್ತರ ಆಸುಪಾಸು. ಇಂಥ ಗಾಡಿಯನ್ನ ನಟ್ಟು ಬೋಲ್ಟು ಸಮೇತ ಬಿಚ್ಚಿ, ಅರ್ಧ ಭಾಗ ಹೊಸದು, ಕಾಲು ಭಾಗ ಡೂಪ್ಲಿಕೇಟು ಹಾಕಿ ಮತ್ತೆ ಕಟ್ಟಿದಾಗ ಸಿಗೋದು ಹಳೇ ಗಾಡಿ ಅಲ್ಲ. ಯಾರೂ ಓಡಿಸಿ ನೋಡಿರದ ಹೊಸ ಗಾಡಿ. ಅದರ ತೊಂದರೆಗಳೂ ಹೊಸವು, ಎಷ್ಟೋ ಸಲ ರಿಸ್ಟೋರೇಷನ್ನೇ ಹುಟ್ಟಿಸಿದಂಥವು.

ಪೌಡರ್ ಕೋಟಿಂಗ್ ತಗೊಳ್ಳಿ. ಎಲ್ಲರಿಗೂ ಫ್ರೇಮು ಫಳಫಳ ಅನ್ಬೇಕು. ಆದ್ರೆ ಆ ಪದರದ ಮೂಲಕ ಕರೆಂಟು ಹರಿಯೋದಿಲ್ಲ. ಇಂಜಿನ್ ಕೂರೋ ಜಾಗ, ಅರ್ತ್ ವೈರಿನ ಬೋಲ್ಟಿನ ಜಾಗ, ಇವನ್ನ ಕೆರೆದು ಲೋಹ ಕಾಣಿಸದೆ ಜೋಡಿಸಿದರೆ ಹೆಡ್‌ಲೈಟು ಮಿಣುಕು ಹುಳ. ಹಳೇ ಜಾವಾದಲ್ಲಿ ಇರೋದೇ 6 ವೋಲ್ಟು, ಅದರಲ್ಲಿ ಒಂದು ವೋಲ್ಟು ದಾರಿಯಲ್ಲೇ ಸೋರಿದರೆ ಉಳಿಯೋದೇನು? ಆಮೇಲೆ ಹೊಸ ಬ್ಯಾಟರಿ, ಹೊಸ ರೆಗ್ಯುಲೇಟರ್ ಅಂತ ದುಡ್ಡು ಸುರೀತಾ ಹೋಗ್ತಾರೆ. ಬೇಕಾಗಿದ್ದು ಒಂದು ತುಂಡು ಎಮೆರಿ ಕಾಗದ.

ಇದಕ್ಕಿಂತ ದೊಡ್ಡ ಮೋಸ ಕ್ರ್ಯಾಂಕಿನ ಆಯಿಲ್ ಸೀಲುಗಳದು. ಟೂ-ಸ್ಟ್ರೋಕ್ ಇಂಜಿನ್ನಿಗೆ ಕ್ರ್ಯಾಂಕ್‌ಕೇಸೇ ಉಸಿರಾಡೋ ಎದೆ. ಬಲಗಡೆ, ಡೈನಮೋ ಕಡೆಯ ಸೀಲು ಗಟ್ಟಿಯಾಗಿದ್ದರೆ ಅಲ್ಲಿಂದ ಬರೀ ಗಾಳಿ ಒಳಗೆ ಹೋಗುತ್ತೆ. ಮಿಶ್ರಣ ತೆಳುವಾಗುತ್ತೆ, ಥ್ರಾಟಲ್ ಬಿಟ್ಟರೂ ಇಂಜಿನ್ ಕಿರುಚ್ತಾನೇ ಇರುತ್ತೆ. ಎಡಗಡೆ, ಕ್ಲಚ್ ಕಡೆಯದು ಹೋದರೆ ಗೇರ್‌ಬಾಕ್ಸಿನ ಎಣ್ಣೆ ಕುಡಿದು ಬಿಳಿ ಹೊಗೆ ಕಾರುತ್ತೆ. ಎರಡೂ ಹೊರಗೆ ಕಾಣೋದಿಲ್ಲ, ಪಾಲಿಶ್ ಮಾಡಿದ ಕವರಿನ ಹಿಂದೆ ಕೂತಿರ್ತವೆ. ನಮ್ಮವರು ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸ್ತಾರೆ, ಜೆಟ್ ಬದಲಾಯಿಸ್ತಾರೆ, ಕೊನೆಗೆ ಕಾರ್ಬ್ಯುರೇಟರನ್ನೇ ಬದಲಾಯಿಸ್ತಾರೆ. ಗಾಳಿ ಸೋರೋ ಇಂಜಿನ್ನನ್ನ ಟ್ಯೂನ್ ಮಾಡೋದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ಮೊದಲು ಇಂಜಿನ್ನಿನ ಬಾಯಿಗಳನ್ನೆಲ್ಲ ಮುಚ್ಚಿ, ಒಂಚೂರು ಗಾಳಿ ಒತ್ತಡ ಕೊಟ್ಟು, ಅದು ಇಳಿಯುತ್ತಾ ಅಂತ ನೋಡಬೇಕು. ಆಮೇಲೆ ಪಾಯಿಂಟ್ ಗ್ಯಾಪು 0.4 ಮಿ.ಮೀ.ಗೆ ಇಟ್ಟು, ಆಮೇಲೆ ಟೈಮಿಂಗ್. ಪಿಸ್ಟನ್ ಮೇಲ್ತುದಿ ಮುಟ್ಟೋಕೆ ಮೂರು ಮಿಲಿಮೀಟರ್ ಆಸುಪಾಸು ಇರುವಾಗ ಕಿಡಿ ಬೀಳಬೇಕು, ಮಾಡೆಲ್ಲಿಗೆ ತಕ್ಕಂತೆ ಸ್ವಲ್ಪ ಆಚೀಚೆ. ಕಾರ್ಬ್ಯುರೇಟರಿನ ಸರದಿ ಕಟ್ಟಕಡೆಗೆ. ಎಷ್ಟೋ ಕಡೆ ಇದು ಉಲ್ಟಾ ನಡೀತಿದೆ.

ಇದರ ಮೇಲೆ ಈಗಿನ ಪೆಟ್ರೋಲು. ಬಂಕಲ್ಲಿ ಸಿಗೋದು ಶೇ. 20 ಎಥನಾಲ್ ಬೆರೆತದ್ದು. ಎಥನಾಲ್‌ನಲ್ಲಿ ಆಮ್ಲಜನಕ ಇರೋದ್ರಿಂದ ಎಪ್ಪತ್ತರ ದಶಕದ ಜೆಟ್ಟಿಗೆ ಮಿಶ್ರಣ ಮತ್ತಷ್ಟು ತೆಳು. ನೀರು ಹೀರಿಕೊಳ್ಳುತ್ತೆ, ಹಳೇ ರಬ್ಬರನ್ನ ಉಬ್ಬಿಸುತ್ತೆ. ಗಾಡಿ ವಾರಗಟ್ಟಲೆ ನಿಂತರೆ ಟ್ಯಾಂಕಿನ ಒಳಗೆ ತುಕ್ಕು, ಹೊರಗೆ ನಿಮ್ಮ ದುಬಾರಿ ಪೇಂಟು. ಟೂ-ಸ್ಟ್ರೋಕಿನಲ್ಲಿ ತೆಳು ಮಿಶ್ರಣ ಅಂದರೆ ಬರೀ ಮಿಸ್ಸಿಂಗ್ ಅಲ್ಲ ಸ್ವಾಮಿ. ಹೈವೇಯಲ್ಲಿ ಎಳೆದು ಓಡಿಸ್ತಿರುವಾಗ ಪಿಸ್ಟನ್ ಬಿಸಿಗೆ ಹಿಗ್ಗಿ ಬೋರನ್ನ ಕಚ್ಚಿಕೊಂಡರೆ ಹಿಂದಿನ ಚಕ್ರ ಅಲ್ಲೇ ನಿಲ್ಲುತ್ತೆ. ಕ್ಲಚ್ ಹಿಡಿಯೋಕೆ ಸಿಗೋದು ಕ್ಷಣ ಮಾತ್ರ.

ಹಾಗಾದ್ರೆ ತಪ್ಪೆಲ್ಲ ಗ್ಯಾರೇಜಿನವರದ್ದಾ? ಅಲ್ಲ, ಹೆಚ್ಚಿನ ಪಾಲು ಗಿರಾಕಿಗಳದ್ದು. ಕ್ರೋಮಿಗೆ ಎಷ್ಟು ಕೇಳಿದರೂ ಜಿಪೇ ಮಾಡ್ತೀವಿ, ಮೂರು ದಿನ ಕೂತು ಪ್ಲಗ್ಗಿನ ಬಣ್ಣ ನೋಡ್ತಾ, ಓಡಿಸ್ತಾ, ಮತ್ತೆ ಬಿಚ್ತಾ ಇರೋ ಮೇಸ್ತ್ರಿಗೆ "ಬರೀ ಟ್ಯೂನಿಂಗ್ ತಾನೇ ಅಣ್ಣಾ?" ಅಂತ ಐನೂರು ಕೊಡ್ತೀವಿ. ನಮ್ಮ ಒಂದು ಗಂಟೆಗೆ ಕಂಪನಿ ಎಷ್ಟು ಬಿಲ್ ಮಾಡುತ್ತೆ ಅಂತ ಬಾಯಿಪಾಠ ಬರುತ್ತೆ, ಅವನ ಗಂಟೆಗೆ ಬೆಲೆಯೇ ಇಲ್ಲ. ಅವನೂ ಸಂಸಾರಸ್ಥ. ದುಡ್ಡು ಎಲ್ಲಿದೆಯೋ ಆ ಕೆಲಸ ಹಿಡೀತಾನೆ. ಅವನ ಕೈಕೆಳಗಿನ ಹುಡುಗ ಪೇಂಟಿನ ಶೇಡ್ ನಂಬರ್ ಕಲೀತಾನೆ, ಸೈಲೆನ್ಸರಿನ ಸದ್ದು ಕೇಳಿ ರೋಗ ಹೇಳೋದನ್ನ ಕಲಿಯೋಲ್ಲ. ಹಳೇ ಮೇಸ್ತ್ರಿಗಳಿಗೆ ವಯಸ್ಸಾಗ್ತಿದೆ. ಇನ್ನು ಹತ್ತು ವರ್ಷಕ್ಕೆ ಹೊಳೆಯೋ ಯೆಜ್ಡಿಗಳು ಬೇಕಾದಷ್ಟು ಇರ್ತವೆ, ರಿಪೇರಿಗೆ ಜನ ಇರೋಲ್ಲ.

"ನಂದು ಬರೀ ಶೋ ಪೀಸು, ಓಡ್ಸೋಕಲ್ಲ, ನನ್ನ ದುಡ್ಡು ನನ್ನಿಷ್ಟ" ಅನ್ನೋರಿದ್ದಾರೆ. ಇಡ್ಕೊಳ್ಳಿ ಸಾರ್, ಹಾಲಲ್ಲೇ ಇಡ್ಕೊಳ್ಳಿ. ಆದ್ರೆ ಶೋ ಪೀಸು ಒಂದಲ್ಲ ಒಂದು ದಿನ ಮಾರಾಟಕ್ಕೆ ಬರುತ್ತೆ, ಜಾಹೀರಾತಲ್ಲಿ ಮತ್ತದೇ 'ಫುಲ್ಲಿ ರಿಸ್ಟೋರ್ಡ್'. ಮೊದಲ ಬೋನಸ್ ಕೈಗೆ ಬಂದ ಇಪ್ಪತ್ತೈದರ ಹುಡುಗನೋ ಹುಡುಗಿಯೋ ಅದನ್ನ ನಂಬಿ ಸೀದಾ ರಿಂಗ್ ರೋಡಿಗೆ ತರ್ತಾರೆ. ಮುಂದೆ ಬಿಎಂಟಿಸಿ ಬಸ್ಸು ಬ್ರೇಕ್ ಹಾಕುತ್ತೆ. ಇವರ ಗಾಡಿಯಲ್ಲಿರೋದು ಡ್ರಮ್ ಬ್ರೇಕು, ಹೊಸ ಲೈನರ್ರು. ಇನ್ನೂ ಡ್ರಮ್ಮಿಗೆ ಹೊಂದಿ ಸವೆಯದ ಲೈನರ್ ಅಲ್ಲೊಂದಿಲ್ಲೊಂದು ಕಡೆ ಮಾತ್ರ ತಾಗುತ್ತೆ. ಲಿವರ್ ಗಟ್ಟಿ ಸಿಗುತ್ತೆ, ಗಾಡಿ ನಿಲ್ಲೋದಿಲ್ಲ.

ಹಾಗಾಗಿ ಗಾಡಿ ಡೆಲಿವರಿ ತಗೊಳ್ಳೋ ಮುಂಚೆ, ಅಥವಾ ಕೊಳ್ಳೋ ಮುಂಚೆ, ಫೋಟೋ ಬೇಡ, ಲೆಕ್ಕ ಕೇಳಿ. ಕಟ್ಟಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ? ಐನೂರು ಕಿಲೋಮೀಟರ್ ಆದ ಮೇಲೆ ಹೆಡ್ ಬೋಲ್ಟು, ಸ್ಪೋಕು, ಚೈನು ಯಾರು ಮತ್ತೆ ನೋಡಿದ್ರು? ಸೀಲು ಯಾವಾಗ ಹಾಕಿದ್ದು, ಪ್ರೆಶರ್ ಟೆಸ್ಟ್ ಆಗಿದೆಯಾ? ಜೆಟ್ ನಂಬರ್ ಎಷ್ಟಿತ್ತು, ಈಗೆಷ್ಟು? ಉತ್ತರ ಒಂದು ಹಾಳೆಯಲ್ಲಿ ಬರೆದು ಕೊಡ್ಲಿ, ಆ ಐನೂರು ಕಿಲೋಮೀಟರಿನ ಕೂಲಿಯನ್ನ ಬಿಲ್ಲಿನಲ್ಲಿ ಬೇರೆ ಸಾಲಾಗಿ ಹಾಕ್ಲಿ. ಪೇಂಟಿನ ಸಾಲಿಗಿಂತ ಅದು ದೊಡ್ಡದಿದ್ದರೆ ಚೌಕಾಸಿ ಮಾಡದೆ ಕೊಡಿ.